ಮಗನ್ನೂ ಕರ್ಕೊಂಡ್ ಬರ್ರಿ

ನನ್ನ ಗಂಡ ತೀರಿಕೊಂಡು ಒಂಬತ್ತು ತಿಂಗಳಾದರೂ ಅವರ ಮೊಬೈಲನ್ನು ನಾನು ದಿನಾ ಚಾರ್ಜಿಗೆ ಹಾಕುತ್ತಿದ್ದೆ. ಯಾರಾದರೂ ಕೇಳಿದರೆ ಬ್ಯಾಂಕಿನ ಮೆಸೇಜು ಬರುತ್ತವೆ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ಆರಿಹೋಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಜನವರಿಯ ಒಂದು ರವಿವಾರ ಮಧ್ಯಾಹ್ನ ಜೇವರ್ಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದೆ. ಒಳಗೆ ಆ ಫೋನು ಬಡಿದುಕೊಂಡಿತು. ಎದ್ದು ಹೋಗುವಷ್ಟರಲ್ಲಿ ನಿಂತೀತು ಅಂದುಕೊಂಡೆ. ನಿಲ್ಲಲಿಲ್ಲ.

"ಸಾಹೇಬ್ರ, ನಮಸ್ಕಾರ್ರಿ. ಈ ವರ್ಷ ಇನ್ನಾ ನಿಮ್ಮ ಫೋನೇ ಬರ್ಲಿಲ್ಲಲ್ರಿ? ಕಟಗಿ ಮನಿ ತೊಳದು ಇಟ್ಟೇನಿ. ಯಾವಾಗ ಬರ್ತೀರಿ?"

ಹೆಂಗಸಿನ ದನಿ. ಮಾತು ನಮ್ಮ ಕಡೆಯದೇ. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆಕೆ ಲೈನು ಸರಿಯಿಲ್ಲ ಅಂದುಕೊಂಡು ದನಿ ಏರಿಸಿದಳು.

"ಕೇಳ್ಸಾಕತ್ತದೇನ್ರಿ? ಈ ಸಲರೆ ಮಗನ್ನೂ ಕರ್ಕೊಂಡ್ ಬರ್ರಿ. ಏಳು ವರ್ಷ ಆತು, ಬರೇ ಮಾತಿನಾಗೇ ತೋರ್ಸಾಕತ್ತೀರಿ!"

ಫೋನು ಕಟ್ಟಾಯಿತು. ನಮಗೆ ಮಕ್ಕಳಿರಲಿಲ್ಲ.

ನನ್ನ ಗಂಡ ಸರ್ವೇಯರ್ ಆಗಿದ್ದರು, ಹೊಲಗಳ ಗಡಿ ಅಳೆಯುವ ಕೆಲಸ. ಏಪ್ರಿಲ್ಲಿನ ಬಿಸಿಲಲ್ಲಿ ಯಾರದೋ ಹೊಲದ ಬದುವಿನ ಮೇಲೆ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ. ಪ್ರತಿ ಜನವರಿಯಲ್ಲಿ ನಾಲ್ಕು ದಿನ ಟ್ರೇನಿಂಗ್ ಅಂತ ಹೋಗುತ್ತಿದ್ದರು. ಬಂದಾಗ ಅವರ ಬಟ್ಟೆಗಳಿಂದ ಒಂದು ವಾಸನೆ ಬರುತ್ತಿತ್ತು, ಬೆಂಕಿಕಡ್ಡಿ ಗೀರಿ ಆರಿಸಿದ ಹಾಗೆ. ಎರಡು ಸಲ ತೊಳೆದರೂ ಟಾವೆಲ್ಲಿನಲ್ಲಿ ಉಳಿಯುತ್ತಿತ್ತು. ಕೇಳಿದರೆ "ಲಾಡ್ಜಿನ ನೀರು ಹಂಗ ಅದ" ಅನ್ನುತ್ತಿದ್ದರು. ನಾನು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು, ಇನ್ನೊಬ್ಬರ ಲಕೋಟೆಯನ್ನು ತೆರೆದು ನೋಡಬಾರದು ಅನ್ನುವುದು ರೂಢಿಯಾಗಿಬಿಟ್ಟಿದೆ. ಮತ್ತೆ ಕೇಳಲಿಲ್ಲ.

ಒಬ್ಬ ಮಗ ಹುಟ್ಟಿದ್ದ. ಹದಿನಾಲ್ಕು ವರ್ಷದ ಹಿಂದೆ, ಮಳೆಗಾಲದಲ್ಲಿ, ಕಲಬುರಗಿಯ ದವಾಖಾನೆಯಲ್ಲಿ. ಹತ್ತೊಂಬತ್ತು ದಿನ ಬದುಕಿದ್ದ. ನನ್ನ ಹೊಲಿಗೆಗಳು ಇನ್ನೂ ಆರಿರಲಿಲ್ಲ, ಏಳಬೇಡ ಅಂದರು. ಗಂಡ ಮತ್ತು ಮಾವ ಇಬ್ಬರೇ ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಆಳಂದ ತಾಲೂಕಿನ ನಮ್ಮೂರು ಮಟಕಿಗೆ ಒಯ್ದರು. ಮರುದಿನ ಬಂದಾಗ "ಎಲ್ಲಿ?" ಅಂತ ಕೇಳಿದೆ. "ಊರ ಹತ್ರ" ಅಂದರು, ಅಷ್ಟೇ. ಮೊಲೆ ಕೂಸಿಗೆ ಅಳಬಾರದು ಅಂತ ಮನೆಯ ಹಿರಿಯರು ನನ್ನನ್ನೂ ಸುಮ್ಮನಿರಿಸಿದರು. ಹೆಸರಿಟ್ಟಿರಲಿಲ್ಲವಾದ್ದರಿಂದ ಅವನನ್ನು ನೆನೆಯಲು ಒಂದು ಶಬ್ದವೂ ನಮ್ಮ ಹತ್ತಿರ ಇರಲಿಲ್ಲ. ಮಾವ ಎರಡು ವರ್ಷಕ್ಕೆ ಹೋದರು. ಗಂಡ ಆ ಮಾತನ್ನೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹಾಗಾಗಿ ಫೋನಿನಲ್ಲಿ "ಮಗ" ಅಂದಾಗ ನನಗೆ ಹೊಳೆದದ್ದು ಒಂದೇ. ಎಲ್ಲೋ ಇನ್ನೊಂದು ಮನೆ ಇದೆ, ಅಲ್ಲಿ ಇನ್ನೊಬ್ಬಳಿದ್ದಾಳೆ.

ಮೂರು ದಿನ ಒಬ್ಬಳೇ ನುಂಗಿಕೊಂಡೆ. ನಾಲ್ಕನೇ ದಿನ ಅಫಜಲಪುರದ ಬಸ್ಸು ಹತ್ತಿ ಗೊಬ್ಬೂರಿಗೆ ನಾದಿನಿಯ ಮನೆಗೆ ಹೋದೆ. ನನ್ನ ಗಂಡನ ಒಬ್ಬಳೇ ತಂಗಿ ಅವಳು, ಮನೆಯ ಮುಂದೆ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಮೈಯೆಲ್ಲ ಜೋಳದ ಹಿಟ್ಟು ಮಾಡಿಕೊಂಡು ನಿಂತವಳಿಗೆ ಗಿರಣಿ ಬಂದ್ ಮಾಡಿಸಿ ಎಲ್ಲ ಹೇಳಿದೆ.

"ನಮ್ಮಣ್ಣ ಅಂಥಾಂವ ಅಲ್ಲ, ವೈನಿ" ಅಂದಳು.

"ಹಂಗಾದ್ರ ಆ ಮಗ ಯಾರು ಬೇ?"

ಅವಳು ಕೈ ತೊಳೆದುಕೊಂಡು ಬಂದು ನನ್ನ ಎದುರಿಗೆ ಕೂತಳು. "ಹೋಗಿ ನೋಡೂಣು ನಡಿ. ನಾನೂ ಬರ್ತೇನಿ. ಖರೇ ಆದ್ರ ಖರೇ, ಸುಳ್ಳಾದ್ರ ಸುಳ್ಳು. ಹಿಂಗ ಕುಂತ್ರ ನೀ ಸಾಯ್ತಿ."

ಅಲ್ಲಿಂದಲೇ ಆ ನಂಬರಿಗೆ ಫೋನು ಹಚ್ಚಿದೆ. ನಾನು ಅವರ ಮನೆಯವಳು, ಇಬ್ಬರು ಬರುತ್ತೇವೆ ಅಂದೆ. ಯಾವ ಮನೆಯವಳು ಅಂತ ಆಕೆ ಕೇಳಲೇ ಇಲ್ಲ. "ಬಾಯಾರೇನ್ರಿ? ಬರ್ರಿ, ಬರ್ರಿ!" ಅಂತ ಹಿಗ್ಗಿ ದಾರಿ ಹೇಳಿದಳು. ಸೋಲಾಪುರ, ಅಲ್ಲಿಂದ ಕೊಲ್ಹಾಪುರ, ಅಲ್ಲಿಂದ ಘಾಟು ಇಳಿದು ಕೊಂಕಣ. ಅವರು ತೀರಿಕೊಂಡಿದ್ದನ್ನು ನಾನು ಹೇಳಲಿಲ್ಲ. ಹೇಳಿದರೆ ಅಲ್ಲಿ ಇರುವುದನ್ನು ಮುಚ್ಚಿಟ್ಟುಬಿಡುತ್ತಾರೆ ಅನ್ನುವ ಸಂಶಯ ನನ್ನದು.

ಒಂದು ದಿನ, ಒಂದು ರಾತ್ರಿ ಪ್ರಯಾಣ. ಬೆಳಗಾಗುವಾಗ ಬಸ್ಸು ಘಾಟಿನಲ್ಲಿತ್ತು. ನಮ್ಮ ಕಡೆ ಕಪ್ಪು ಹೊಲದಲ್ಲಿ ನಿಂತರೆ ಎರಡು ಹರದಾರಿ ಆಚೆ ಬರುವ ಮನುಷ್ಯ ಕಾಣುತ್ತಾನೆ. ಇಲ್ಲಿ ಹತ್ತು ಮಾರು ಆಚೆ ಏನಿದೆ ಗೊತ್ತಾಗುತ್ತಿರಲಿಲ್ಲ. ಮರದ ಮೇಲೆ ಮರ, ಬಳ್ಳಿಯ ಮೇಲೆ ಬಳ್ಳಿ, ಜನವರಿಯಲ್ಲೂ ತೊಟ್ಟಿಕ್ಕುವ ಎಲೆಗಳು. ನಾದಿನಿ ಕಿಟಕಿಯ ಗಾಜು ಮುಚ್ಚಿದಳು. "ಅಣ್ಣ ಇದ್ರಾಗ ಏನ್ ಹುಡುಕ್ಯಾಡಾಕ ಬರ್ತಿದ್ದ?" ಅಂದಳು. ನನಗೆ ಅವರು ಇದೇ ಸೀಟಿನಲ್ಲಿ ಕೂತು ಇದೇ ತಿರುವುಗಳನ್ನು ನೋಡಿರಬೇಕು ಅನ್ನಿಸುತ್ತಿತ್ತು. ನನ್ನ ಪಕ್ಕ ನಾದಿನಿಯಿದ್ದಳು, ಆದರೂ ನಡುವೆ ಮೂರನೆಯವರು ಇದ್ದ ಹಾಗೆ ಸರಿದು ಕೂತೆ.

ಕೊನೆಗೆ ಒಂದು ಜೀಪು ನಮ್ಮನ್ನು ಕಾಡಿನ ಅಂಚಿನಲ್ಲಿ ಇಳಿಸಿತು. ಕೆಂಪು ಕಲ್ಲಿನ ಗಿಡ್ಡ ಕಂಬಗಳ ಮೇಲೆ ಹಲಗೆಯ ಮೂರು ಮನೆಗಳು. ಊರಿಂದ ಬಂದವರು ಎರಡು ಮೂರು ದಿನ ಇದ್ದು ಹೋಗಲೆಂದು ಕೊಲ್ಹಾಪುರದ ಯಾರೋ ಕಟ್ಟಿಸಿದ್ದವು. ಕೆಳಗೆ ಮೆಟ್ಟಿಲಿಳಿದರೆ ಕಲ್ಲು ಕಟ್ಟಿದ ಬಿಸಿನೀರಿನ ಕುಂಡ, ಅದರ ಮೇಲೆ ಬಿಳಿ ಹಬೆ. ಇನ್ನೂ ಕೆಳಗೆ ಮರಗಳ ನಡುವೆ ಒಂದು ಕೆರೆ. ಗುಡ್ಡದ ಆಚೆಯಿಂದ ಒಂದೇ ಸಮನೆ ಬರುತ್ತಿದ್ದ ಸದ್ದು ಸಮುದ್ರದ್ದು ಅಂತ ಆಮೇಲೆ ತಿಳಿಯಿತು.

ಇಳಿದ ಕೂಡಲೇ ನನ್ನ ಮೂಗಿಗೆ ಬಡಿದದ್ದು ಆ ವಾಸನೆ. ಏಳು ವರ್ಷ ನಾನು ಒಗೆದ ವಾಸನೆ. ಅವರ ಅಂಗಿಯೊಳಗೆ ಮುಖವಿಟ್ಟ ಹಾಗಾಯಿತು. ಅಲ್ಲೇ ಬ್ಯಾಗಿನ ಮೇಲೆ ಕೂತೆ.

ಫೋನು ಮಾಡಿದಾಕೆ ಬಂದಳು. ಎಪ್ಪತ್ತರ ಹತ್ತಿರದ ಮುದುಕಿ, ಕಚ್ಚೆ ಹಾಕಿ ಉಟ್ಟ ಸೀರೆ, ಹಣೆಯ ಮೇಲೆ ಹಚ್ಚೆ. ನಮ್ಮ ಅಫಜಲಪುರದ ಕಡೆಯ ಹವಳಗಾದವಳಂತೆ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಇಲ್ಲಿಯ ಕೆಂಪು ಕಲ್ಲಿನ ಖಣಿಗೆ ದುಡಿಯಲು ಬಂದವಳು. ಗಂಡ ಇಲ್ಲೇ ಮಣ್ಣಾದ. ಈಗ ಈ ಮನೆಗಳನ್ನು ನೋಡಿಕೊಂಡು ಇದ್ದಾಳೆ. ನಮ್ಮ ಗಡಿಯ ಕಡೆ ಮುದುಕಿಯರನ್ನು ಕರೆಯುವ ಹಾಗೆ ನಾವೂ ಆಕೆಯನ್ನು ಆಯಿ ಅಂದೆವು.

"ಸಾಹೇಬ್ರು ಬರ್ಲಿಲ್ಲೇನ್ರಿ? ಹುಡುಗ?" ನಮ್ಮ ಬೆನ್ನ ಹಿಂದೆ ಹಣಿಕಿ ನೋಡಿದಳು. ಆಮೇಲೆ ತಾನೇ ಉತ್ತರ ಕೊಟ್ಟುಕೊಂಡಳು. "ಸಾಲಿ ಪರೀಕ್ಷಾ ಇರ್ಬೇಕು. ಪ್ರತಿ ವರ್ಷ ಅದ ನೆಪ. ಮಗನ ಜೋಡಿ ಅಪ್ಪ ಉಳದಾರ, ಹೌದಿಲ್ರಿ?"

ನಾದಿನಿ ನನ್ನನ್ನು ನೋಡಿದಳು. ನಾನು "ಹೌದು ಆಯಿ" ಅಂದೆ.

ಚಹಾ ಕೊಟ್ಟು ನನ್ನ ಮುಖವನ್ನೇ ನೋಡುತ್ತ ಕೂತಳು. "ಮಗ ನಿಮ್ಮಂಗೇ ಇದ್ದಾನಂತ ಹೇಳ್ತಿದ್ರು. ಕಣ್ಣು ನಿಮ್ಮವೇ ಅಂತ. ಎಡಗಿವಿ ಹಿಂದ ಎಳ್ಳಿನಷ್ಟು ಮಚ್ಚಿ ಅದ ಅಂತಲ್ರಿ, ಈಗ ದೊಡ್ಡದಾಗ್ಯದೋ ಹಂಗೇ ಅದನೋ?"

ಕಪ್ಪನ್ನು ಕೆಳಗಿಟ್ಟೆ. ಆ ಮಚ್ಚೆಯನ್ನು ನೋಡಿದವರು ಲೋಕದಲ್ಲಿ ಇಬ್ಬರೇ. ಒಂಬತ್ತನೇ ದಿನ ಮಗುವಿಗೆ ಎಣ್ಣೆ ಹಚ್ಚುವಾಗ ನಾನು ಕಂಡು ಅವರಿಗೆ ತೋರಿಸಿದ್ದೆ. ಬೇರೆ ಮನೆ ಇರಲಿಲ್ಲ. ಬೇರೆ ಹೆಂಗಸು ಇರಲಿಲ್ಲ. ಪ್ರತಿ ಜನವರಿ ಇಲ್ಲಿಗೆ ಬಂದು ಅವರು ನಮ್ಮ ಮಗನನ್ನು ಬೆಳೆಸುತ್ತಿದ್ದರು.

"ಹಂಗೇ ಅದ" ಅಂದೆ.

ಅವರು ಯಾವಾಗಲೂ ಇಳಿದುಕೊಳ್ಳುತ್ತಿದ್ದ ಮನೆಯನ್ನೇ ಆಯಿ ನಮಗೆ ತೆರೆದಳು. ಎರಡು ಮಂಚ, ಒಂದು ಮೇಜು, ಕಿಟಕಿಯಾಚೆ ಹಬೆ. ಬಾಗಿಲ ಚೌಕಟ್ಟಿನ ಒಳಮಗ್ಗುಲಲ್ಲಿ ಪೆನ್ಸಿಲಿನ ಆರು ಗೆರೆಗಳಿದ್ದವು. ಒಂದೊಂದರ ಪಕ್ಕ ಸೆಂಟಿಮೀಟರಿನ ಅಂಕಿ, ಅವರ ನೆಟ್ಟನೆಯ ಸರ್ವೇ ಬರಹದಲ್ಲಿ. "ಮಗ ಈ ವರ್ಷ ಇಷ್ಟ್ ಉದ್ದ ಆಗ್ಯಾನ ಆಯಿ ಅಂತ ಟೇಪ್ ಹಿಡದು ಗೆರಿ ಹೊಡೀತಿದ್ರು" ಅಂದಳು ಆಯಿ. ಹೇಳಿ, ಒಲೆ ಉರಿಯುತ್ತಿದೆ ಅಂತ ಹೊರಟುಹೋದಳು.

ಮೊದಲನೆಯ ಗೆರೆ ನನ್ನ ಎದೆಮಟ್ಟಕ್ಕಿತ್ತು. ಕೊನೆಯದು ಕಣ್ಣಿನ ನೇರಕ್ಕೆ. ಆ ಗೆರೆಯ ಮುಂದೆ ನಿಂತಾಗ ಎದುರಿಗೆ ಒಬ್ಬ ಹುಡುಗ ನಿಂತು ನನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ ಎರಡು ಹೆಜ್ಜೆ ಹಿಂದೆ ಸರಿದೆ.

ನಾದಿನಿ ಅಂಕಿಗಳ ಮೇಲೆ ಬೆರಳಾಡಿಸಿ ಓದುತ್ತಿದ್ದವಳು ತಟ್ಟನೆ ಮಂಚದ ಮೇಲೆ ಕೂತುಬಿಟ್ಟಳು. "ವೈನಿ, ಇವು ನನ್ನ ಮಗನ ಅಳತಿ."

"ಅಂದ್ರ?"

"ಹೊಸ ವರ್ಷಕ್ಕ ಅಣ್ಣ ಬಂದಾಗೊಮ್ಮೆ ನನ್ನ ಮಗನ್ನ ಗಿರಣಿ ಗ್ವಾಡಿಗಿ ನಿಲ್ಲಿಸಿ ಟೇಪ್ ಹಿಡೀತಿದ್ದ. ಹೊಲ ಅಳದು ಸಾಕಾಗಿ ಈಗ ಪೋರನ್ನ ಅಳ್ಯಾಕತ್ತೀ ಅಂತ ನಾವು ನಗ್ತಿದ್ದೆವು. ಹೋದ ವರ್ಷದ್ದು ನಂಗ ನೆನಪದ. ನೂರಾ ನಲವತ್ತೆಂಟು." ಕೊನೆಯ ಗೆರೆಯ ಪಕ್ಕದಲ್ಲಿ ಇದ್ದದ್ದು ಅದೇ. ಅವಳ ಮಗ ನನ್ನ ಮಗನಿಗಿಂತ ಒಂದು ತಿಂಗಳು ಚಿಕ್ಕವನು.

"ನನ್ನ ಮುಂದ ಒಂದ್ ಮಾತು ಹೇಳಿದ್ರ ಏನಾಗ್ತಿತ್ತು?" ಅಂತ ಅವಳು ಅತ್ತಳು. ಅದನ್ನೇ ಕೇಳುವ ಹಕ್ಕು ನನಗಿತ್ತೋ ಇಲ್ಲವೋ ತಿಳಿಯಲಿಲ್ಲ. ನಾನೂ ಹೇಳಿರಲಿಲ್ಲವಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕುಂಡಕ್ಕೆ ಇಳಿದೆ. ಹಬೆ ಎಷ್ಟು ದಟ್ಟವಾಗಿತ್ತೆಂದರೆ ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಯಾರೋ ಪ್ಯಾಂಟು ಮೊಣಕಾಲಿಗೆ ಮಡಚಿ ನೀರಲ್ಲಿ ಕಾಲಿಟ್ಟು ಕೂತಿದ್ದರು. ಬೆನ್ನು ಗುರುತಿನದು, ಎಡಭುಜ ಸ್ವಲ್ಪ ಇಳಿದದ್ದು. ನಾನು ನಿಂತೆ. ಉಸಿರು ಬಿಟ್ಟರೆ ಹೋಗಿಬಿಡುತ್ತಾರೆ ಅನ್ನಿಸಿ ಉಸಿರು ಹಿಡಿದೆ. ಗಾಳಿ ಬೀಸಿ ಹಬೆ ಸರಿದಾಗ ಅಲ್ಲಿ ಕಲ್ಲು ಮಾತ್ರ ಇತ್ತು. ಒದ್ದೆಯಾಗಿತ್ತು. ಹಬೆಗೆ ಎಲ್ಲ ಕಲ್ಲೂ ಒದ್ದೆಯೇ ಇರುತ್ತವೆ, ಅದು ನನಗೆ ಗೊತ್ತು. ಆದರೂ ಅದನ್ನು ಬಿಟ್ಟು ಪಕ್ಕದ ಕಲ್ಲಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಆಯಿ ಬಂದು ತಾನೂ ಕಾಲು ಇಳಿಬಿಟ್ಟು ಕೂತಳು. "ಸಾಹೇಬ್ರ ಜಾಗಾ ಅದು" ಅಂತ ನಾನು ಬಿಟ್ಟ ಕಲ್ಲನ್ನೇ ತೋರಿಸಿದಳು. ಮೊದಲ ಸಲ ಅವರು ಆಫೀಸಿನ ಗೆಳೆಯರ ಜೊತೆ ಬಂದಿದ್ದರಂತೆ. ಉಳಿದವರು ಸಮುದ್ರಕ್ಕೆ ಹೋದಾಗ ಅವರೊಬ್ಬರೇ ಇಲ್ಲಿ ಕೂತಿದ್ದರು. ತನ್ನೂರಿನ ಮಾತು ಕೇಳಿ ಆಯಿ ಜೋಳದ ರೊಟ್ಟಿ ಬಡಿದು ತಂದುಕೊಟ್ಟು, ಎಷ್ಟು ಮಕ್ಕಳು ಅಂತ ಕೇಳಿದಳು. ಎಲ್ಲರೂ ಕೇಳುವ ಪ್ರಶ್ನೆಯೇ. ಊರಲ್ಲಾದರೆ ಎಲ್ಲರಿಗೂ ಗೊತ್ತು, ಕೇಳುವುದಿಲ್ಲ. ಇಲ್ಲಿ ಅವರು "ಒಬ್ಬ ಮಗ, ಸಾಲಿಗಿ ಹೋಗ್ತಾನ, ಎರಡನೇತ್ತಾ" ಅಂದರು. ಮುಂದಿನ ವರ್ಷ ಒಬ್ಬರೇ ಬಂದರು.

"ಮತ್ತೇನ್ ಹೇಳ್ತಿದ್ರು ಆಯಿ, ಮಗನ ಬಗ್ಗೆ?" ಅಂದೆ.

"ನಿಮಗ ಗೊತ್ತಿಲ್ಲದ್ದು ನಾ ಏನ್ ಹೇಳ್ಲಿರಿ?"

"ಅವರು ಹ್ಯಾಂಗ ಹೇಳ್ತಿದ್ರು ಅಂತ ಕೇಳೂ ಆಸೆ."

ಆಯಿ ಖುಷಿಯಿಂದ ಶುರುಮಾಡಿದಳು. ಸೈಕಲ್ಲಿನಿಂದ ಬಿದ್ದು ಮುಂಗೈ ಮುರಿದುಕೊಂಡದ್ದು, ಬದನೆಕಾಯಿ ಕಂಡರೆ ತಾಟು ಸರಿಸುವುದು, ನೀರೆಂದರೆ ಹೆದರುವುದು. ನಾದಿನಿ ನಮ್ಮ ಹಿಂದೆ ಬಂದು ನಿಂತಿದ್ದಳು. "ಸೈಕಲ್ ಮ್ಯಾಲಿಂದ ಬಿದ್ದಾಂವ ನನ್ನ ಮಗ" ಅಂತ ನನ್ನ ಕಿವಿಯಲ್ಲಿ ಸಣ್ಣಗೆ ಅಂದಳು. ಆದರೆ ಎಲ್ಲವೂ ಅವಳ ಮಗನವಾಗಿರಲಿಲ್ಲ. ನಾನು ಅವನ್ನೇ ಕಾಯುತ್ತಿದ್ದೆ. ಮಳೆ ಬಂದರೆ ಮನೆಯೊಳಗೆ ನಿಲ್ಲದೆ ಅಂಗಳಕ್ಕೆ ಓಡುತ್ತಾನಂತೆ, ಅವ್ವ ಕರೆದರೆ ಮಾತ್ರ ಒಳಗೆ ಬರುತ್ತಾನಂತೆ. ಅವ್ವ ಆಫೀಸಿನಿಂದ ಬರುವುದು ತಡವಾದರೆ ಬಾಗಿಲ ಹೊಸ್ತಿಲಿನಿಂದ ಏಳುವುದೇ ಇಲ್ಲವಂತೆ.

ಆ ದಿನವಿಡೀ, ಮರುದಿನವೂ ಆಯಿಯ ಬೆನ್ನು ಬಿಡಲಿಲ್ಲ. ಅವಳು ಸೊಪ್ಪು ಸೋಸುವಾಗ, ಕೆರೆಯ ದಂಡೆಗೆ ಕಟ್ಟಿಗೆಗೆ ಹೋದಾಗ, ಇನ್ನೊಂದು ಹೇಳು ಅನ್ನುತ್ತಿದ್ದೆ. ಹಸಿದವರು ಉಣ್ಣುವ ಹಾಗೆ ಕೇಳಿದೆ. ನಾನೂ ಒಂದೆರಡು ಸೇರಿಸಿದೆ. ಗಣಿತದಲ್ಲಿ ಹುಷಾರು ಅಂದೆ. ರಾತ್ರಿ ಹೊದಿಕೆ ಒದೆಯುತ್ತಾನೆ ಅಂದೆ. ಹೇಳಿದ ಮೇಲೆ ಅದು ಸುಳ್ಳು ಅಂತ ನನಗೇ ಅನ್ನಿಸಲಿಲ್ಲ. ಆ ಕಾಡಿನಲ್ಲಿ ಎರಡು ದಿನ ಅವರಿಬ್ಬರೂ ಬದುಕಿದ್ದರು. ಜೇವರ್ಗಿಯ ಮನೆಯಲ್ಲಿ ಅಪ್ಪ ಮಗನ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ.

ಎರಡನೇ ದಿನ ಕೆರೆಯ ದಂಡೆಯ ಮೇಲೆ ಆಯಿ ಹೇಳಿದ ಮಾತು ಬೇರೆ ಇತ್ತು. "ಒಂದ್ ಮಾತಿಗಿ ಮಾತ್ರ ಸಾಹೇಬ್ರ ಮುಖ ಸಣ್ಣದಾಗ್ತಿತ್ರಿ. ಹುಡುಗ ಮನಿಯಾಗ ನಿಂದ್ರಂಗಿಲ್ಲ ಆಯಿ, ಮಟಕಿಯಾಗ ಹಳೇ ಬಾವಿ ಹತ್ರ ಬೇವಿನ ಗಿಡದ ಬುಡಕ ಹೋಗಿ ಕುಂದರ್ತಾನ, ಎಷ್ಟ್ ಕರದ್ರೂ ಬರಂಗಿಲ್ಲ ಅಂತಿದ್ರು. ಅಲ್ಲೇನದರಿ ಅಂಥಾದು?"

ನನ್ನ ಕಾಲಕೆಳಗೆ ಕೆರೆಯ ನೀರು ಅಲುಗದೆ ಕಪ್ಪಗೆ ನಿಂತಿತ್ತು. ಹದಿನಾಲ್ಕು ವರ್ಷದ ಹಿಂದೆ ನಾನು ಕೇಳಿದ "ಎಲ್ಲಿ?" ಅನ್ನುವುದಕ್ಕೆ ಅವರು ಉತ್ತರ ಕೊಟ್ಟಿದ್ದರು, ಈ ಮುದುಕಿಯ ಹತ್ತಿರ. ನಾನು ತಿರುಗಿ ನಾದಿನಿಯನ್ನು ನೋಡಿದೆ. ಅವಳಿಗೂ ಅರ್ಥವಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದಳು.

"ಸಾಕು ವೈನಿ" ಅಂದಳು ಸಂಜೆ. "ಆಕಿಗಿ ಖರೇ ಹೇಳು. ಅಣ್ಣ ಮಾಡಿದ್ದ ಮಾಡಿದ. ನೀನೂ ಸುರು ಮಾಡಬ್ಯಾಡ."

ಹೇಳುವ ಮನಸ್ಸಿರಲಿಲ್ಲ. ಹೇಳಿದರೆ ಇಲ್ಲಿಯೂ ಸಾಯುತ್ತಾರೆ. ಆದರೆ ಮೂರನೇ ದಿನ ಆಯಿ ನಮ್ಮನ್ನು ಸಮುದ್ರ ತೋರಿಸಲು ಕರೆದೊಯ್ದಳು. ಮಧ್ಯಾಹ್ನದ ಬಿಸಿಲಲ್ಲಿ ಉದ್ದಕ್ಕೆ ಖಾಲಿ ಮರಳು, ದೂರದಲ್ಲಿ ಮೀನು ಒಣಗಿಸುವ ನಾಲ್ಕಾರು ಹೆಂಗಸರು. ಆಯಿ ಬಗ್ಗಿ ಒಂದು ಶಂಖವನ್ನು ಹೆಕ್ಕಿ, ಸೀರೆಗೆ ಒರೆಸಿ ನನ್ನ ಮುಂದೆ ಹಿಡಿದಳು. "ಹುಡುಗಗ ಕೊಡ್ರಿ. ಮುಂದಿನ ವರ್ಷ ನಾ ಇರ್ತೇನೋ ಇಲ್ಲೋ. ಒಂದ್ಸಲ ಕಣ್ಣಿಲೆ ನೋಡ್ಬೇಕು ಅವನ್ನ."

ಅದನ್ನು ಇಸಿದುಕೊಳ್ಳಲು ಆಗಲಿಲ್ಲ. ಮೊದಲು ಗಂಡನ ಸುದ್ದಿ ಹೇಳಿದೆ. ಆಯಿ ತಲೆಯ ಮೇಲೆ ಕೈಯಿಟ್ಟು "ಎಪ್ಪಾ" ಅಂದಳು. ಕಣ್ಣು ತುಂಬಿಬಂತು. ಆಮೇಲೆ ಕೇಳಿದಳು, "ಹುಡುಗ ಹ್ಯಾಂಗ ಅದಾನ್ರಿ? ಅಪ್ಪನ್ನ ಬಾಳ ಹಚ್ಚಿಕೊಂಡಿದ್ದ."

"ಹುಡುಗ ಇಲ್ಲ ಆಯಿ."

"ಇಲ್ಲಂದ್ರ? ಯಾವಾಗ?"

"ಹುಟ್ಟಿ ಹತ್ತೊಂಬತ್ತು ದಿನಕ್ಕ."

ಆಕೆಗೆ ತಿಳಿಯಲಿಲ್ಲ. ನಾದಿನಿ ಇನ್ನೊಮ್ಮೆ ಬಿಡಿಸಿ ಹೇಳಿದಳು. ಆಯಿ ನನ್ನ ಮುಖ, ಅವಳ ಮುಖ ನೋಡಿ, ಇದ್ದಕ್ಕಿದ್ದಂತೆ ಮರಳಿನ ಮೇಲೆ ಕುಸಿದು ಕೂತಳು. ಆಮೇಲೆ ಎದೆ ಬಡಿದುಕೊಂಡು ದನಿ ತೆಗೆದು ಅತ್ತಳು. ನಮ್ಮೂರ ಕಡೆ ಹೆಣದ ಮುಂದೆ ಹಾಡಿಕೊಂಡು ಅಳುವ ಹಾಗೆ, ಒಂದೊಂದನ್ನೇ ಎತ್ತಿ. "ಮಳ್ಯಾಗ ಓಡವನಽ ನನ್ನ ಕೂಸಽ... ಹೊಸ್ತಿಲ ಮ್ಯಾಲ ಕಾಯವನಽ ನನ್ನಪ್ಪಾ..." ಮೀನಿನ ಹೆಂಗಸರು ಎದ್ದು ನಿಂತು ನೋಡಿದರು. ನನ್ನ ಮಗನಿಗೆ ಯಾರೂ ದನಿ ತೆಗೆದು ಅತ್ತಿರಲಿಲ್ಲ. ಹದಿನಾಲ್ಕು ವರ್ಷದ ಮೇಲೆ, ಅವನನ್ನು ಕಾಣದ ಒಬ್ಬ ಮುದುಕಿ ಅಳುತ್ತಿದ್ದಳು. ನನಗೆ ಆಗ ಅಳು ಬರಲಿಲ್ಲ. ಅವಳ ಪಕ್ಕ ಕೂತು ಬೆನ್ನು ಸವರಿದೆ, ಬಾಟಲಿಯ ನೀರು ಕುಡಿಸಿದೆ, ಬೈತಲೆಯಲ್ಲಿ ಸೇರಿದ ಮರಳನ್ನು ಕೈಯಿಂದ ತೆಗೆದೆ.

ಮರುದಿನ ಬೆಳಿಗ್ಗೆ ನಾವು ಹೊರಡುವಾಗ ಆಯಿ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಕೊಟ್ಟಳು. ಜೀಪಿನ ಬಾಗಿಲು ಹಿಡಿದು ನಿಂತು, "ಸಾಹೇಬ್ರ ಮ್ಯಾಲ ನಂಗ ಭಾಳ ಸಿಟ್ಟದ. ಹೇಳ್ರಿ ಅವರಿಗಿ" ಅಂದಳು.

"ಹೇಳ್ತೇನಿ" ಅಂದೆ.

ಮರಳಿ ಬಂದ ಎಂಟು ದಿನಕ್ಕೆ ನಾನು, ನಾದಿನಿ ಮಟಕಿಗೆ ಹೋದೆವು. ಹಳೆಯ ಬಾವಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ನೀರು ಬತ್ತಿ, ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಸುತ್ತ ಕೊಯ್ದು ಮುಗಿದ ತೊಗರಿಯ ಹೊಲ. ಆದರೆ ಬಾವಿಯ ಹತ್ತಿರ ಒಂದು ಬೇವಿನ ಗಿಡ ಇರಲಿಲ್ಲ, ಎರಡಿದ್ದವು. ಒಂದು ಪೂರ್ವಕ್ಕೆ, ಇನ್ನೊಂದು ಹಾದಿಯ ಮಗ್ಗುಲಿಗೆ, ಎರಡೂ ಹಳೆಯವೇ. ಯಾವುದರ ಬುಡದಲ್ಲಿ ಮಗ ಇದ್ದಾನೆ ಅಂತ ಹೇಳುವವರು ಯಾರೂ ಉಳಿದಿಲ್ಲ.

"ಯಾವ್ದು ವೈನಿ?" ಅಂದಳು ನಾದಿನಿ.

ಮೊದಲು ಪೂರ್ವದ ಗಿಡದ ಬುಡಕ್ಕೆ ಹೋಗಿ ಕೂತೆವು. ಬಿಸಿಲು ಸರಿದ ಮೇಲೆ ಎದ್ದು ಇನ್ನೊಂದರ ಕೆಳಗೆ ಹೋದೆವು.